ಆಲೂರಿನಿಂದ ಲಡಾಖ್‌ವರೆಗೆ: ಖಾಲಿ ನಕ್ಷೆ ತುಂಬಿ ದೇಶ ಕಲಿಯುವ ಕ್ರಮ

ಗೋಡೆಗೆ ತೂಗುಹಾಕಿದ ಭಾರತದ ನಕ್ಷೆ ವರ್ಷಗಟ್ಟಲೆ ಕಣ್ಣೆದುರಿಗೇ ಇರುತ್ತದೆ. ಆದರೂ ಛತ್ತೀಸ್‌ಗಢ ಯಾವುದು, ಜಾರ್ಖಂಡ್ ಯಾವುದು ಎಂದು ಕೇಳಿದರೆ ಬೆರಳು ತಡವರಿಸುತ್ತದೆ. ಹೆಸರು ಅಚ್ಚಾಗಿರುವ ನಕ್ಷೆಯಲ್ಲಿ ಕಣ್ಣು ಹೆಸರನ್ನು ಓದಿ ಮುಂದೆ ಹೋಗುತ್ತದೆ, ಜಾಗವನ್ನು ಗಮನಿಸುವುದಿಲ್ಲ. ಗಡಿ ಬಿಟ್ಟರೆ ಮತ್ತೇನೂ ಇಲ್ಲದ ಹಾಳೆ ಮುಂದಿಟ್ಟುಕೊಂಡು, ಅಟ್ಲಾಸ್ ಮುಚ್ಚಿ, ತಪ್ಪಾದರೂ ಆಗಲಿ ಎಂದು ಬರೆಯಲು ಕೂತಾಗ ಮಾತ್ರ ನಮಗೆ ಎಷ್ಟು ಗೊತ್ತು ಎಂಬುದು ಗೊತ್ತಾಗುತ್ತದೆ. ಅಟ್ಲಾಸ್ ನೋಡಿಕೊಂಡು ಖಾಲಿ ನಕ್ಷೆ ತುಂಬಿದರೆ ಅದು ಕಾಪಿ ಬರೆದಂತೆ, ಕೈಗೆ ಕೆಲಸ, ತಲೆಗೆ ರಜೆ.

ಇಲ್ಲಿ ಹೇಳಿರುವ ಕ್ರಮ ಹಾಸನ, ಚಿಕ್ಕಮಗಳೂರು ಜಿಲ್ಲೆಯ ಮಕ್ಕಳಿಗೆಂದೇ ಹೊಂದಿಸಿದ್ದು. ಬೇಕಾಗುವುದು ಎ4 ಅಳತೆಯ ಖಾಲಿ ನಕ್ಷೆಯ ಹತ್ತು ಪ್ರತಿ, ಚೂಪು ಪೆನ್ಸಿಲ್, ಕೆಂಪು ಪೆನ್ನು, ಐದಾರು ಕಲರ್ ಪೆನ್ಸಿಲ್, 30 ಸೆಂ.ಮೀ. ಸ್ಕೇಲ್ ಮತ್ತು ಒಂದು ಒಳ್ಳೆಯ ಅಟ್ಲಾಸ್.

ನಕ್ಷೆ ಹಳೆಯದೋ ಹೊಸದೋ

ಸ್ಟೇಷನರಿ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಔಟ್‌ಲೈನ್ ಮ್ಯಾಪ್‌ಗಳಲ್ಲಿ ಹಳೆಯ ಅಚ್ಚು ಬಹಳ. ಹೆಸರಿಲ್ಲದ ನಕ್ಷೆಯ ವಯಸ್ಸನ್ನು ಅದರ ಗೆರೆಗಳಿಂದಲೇ ಹೇಳಬಹುದು. ಆಂಧ್ರದ ಮೇಲೆ ತೆಲಂಗಾಣ ಬೇರೆಯಾಗಿ ಇಲ್ಲದಿದ್ದರೆ ಅದು 2014ರ ಜೂನ್‌ಗಿಂತ ಹಿಂದಿನದು. ಲಡಾಖ್‌ಗೂ ಜಮ್ಮು–ಕಾಶ್ಮೀರಕ್ಕೂ ನಡುವೆ ಗೆರೆ ಇಲ್ಲದಿದ್ದರೆ 2019ರ ಅಕ್ಟೋಬರ್ 31ಕ್ಕಿಂತ ಹಿಂದಿನದು. ಕೇಂದ್ರಾಡಳಿತ ಪ್ರದೇಶ 9 ಎಂದು ಬರೆದಿದ್ದರೆ, ದಾದ್ರಾ ನಗರ್ ಹವೇಲಿ ಹಾಗೂ ದಮನ್ ದಿಯು ಒಂದಾದ 2020ರ ಜನವರಿ 26ಕ್ಕೆ ಮೊದಲಿನದು. ಈಗಿನ ಲೆಕ್ಕ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ.

ಕರ್ನಾಟಕದ ನಕ್ಷೆಯಲ್ಲಿ ಜಿಲ್ಲೆ ಎಣಿಸಿ. 31 ಇರಬೇಕು. 30 ಇದ್ದರೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಅದರಲ್ಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ನಕ್ಷೆಯಲ್ಲಿ ಏಳೇ ತಾಲ್ಲೂಕು ಕಂಡರೆ ಅಜ್ಜಂಪುರ ಇನ್ನೂ ತರೀಕೆರೆಯೊಳಗೆ, ಕಳಸ ಇನ್ನೂ ಮೂಡಿಗೆರೆಯೊಳಗೆ ಇವೆ ಎಂದರ್ಥ. ಹಳೆಯ ಹಾಳೆಯನ್ನು ಎಸೆಯಬೇಕಾಗಿಲ್ಲ. ಹೊಸ ಗಡಿಯನ್ನು ಮಕ್ಕಳ ಕೈಯಲ್ಲೇ ಎಳೆಸಿ, ಅದು ಸುಲಭಕ್ಕೆ ಮರೆಯುವುದಿಲ್ಲ.

ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವಾಗ ಮೊದಲು ಉತ್ತರದ ತುದಿ ನೋಡಿ. ವಿದೇಶದಲ್ಲಿ ತಯಾರಾದ ಎಷ್ಟೋ ನಕ್ಷೆಗಳಲ್ಲಿ ಕಾಶ್ಮೀರದ ನೆತ್ತಿ ಕತ್ತರಿಸಿಹೋಗಿರುತ್ತದೆ ಅಥವಾ ಅಲ್ಲಿ ಚುಕ್ಕಿಗೆರೆ ಇರುತ್ತದೆ. ಅರುಣಾಚಲದ ಗಡಿಯೂ ಹಾಗೇ. ಇಂಥದ್ದನ್ನು ನಮ್ಮಲ್ಲಿ ಅಚ್ಚು ಹಾಕಿ ಹಂಚುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯ ಪ್ರಕಾರ ಅಪರಾಧ. ಈ ತಲೆನೋವೇ ಬೇಡವೆಂದರೆ ಸರ್ವೆ ಆಫ್ ಇಂಡಿಯಾದ ಜಾಲತಾಣಕ್ಕೆ ಹೋಗಿ. 1767ರಲ್ಲಿ ಶುರುವಾದ, ಡೆಹ್ರಾಡೂನ್‌ನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆ ಭಾರತದ ಔಟ್‌ಲೈನ್ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಗಡಿಯ ವಿಷಯದಲ್ಲಿ ಅದೇ ಕೊನೆಯ ಮಾತು.

ಪ್ರಿಂಟ್ ಹಾಕಿಸುವಾಗ

ಅರ್ಧಕ್ಕರ್ಧ ನಕ್ಷೆ ಕೆಡುವುದು ಜೆರಾಕ್ಸ್ ಅಂಗಡಿಯ ಕೌಂಟರಿನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ನಕ್ಷೆ ದಾರಿಯಲ್ಲೇ ಕುಗ್ಗಿಹೋಗಿ, ಪ್ರಿಂಟ್‌ನಲ್ಲಿ ಗಡಿಗೆರೆ ಹಲ್ಲುಹಲ್ಲಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಪಿಡಿಎಫ್ ಆಗಿದ್ದರೆ ಇನ್ನೂ ಒಳ್ಳೆಯದು. ಚಿತ್ರವೇ ಸಿಕ್ಕಿದೆ ಎಂದಾದರೆ ಎ4 ಹಾಳೆಗೆ ಸುಮಾರು 2480 × 3508 ಪಿಕ್ಸೆಲ್ ಇರಲಿ.

ವರ್ಡ್ ಫೈಲಿಗೆ ಹಾಕಿ ದೊಡ್ಡದು ಮಾಡುವವರು ಮೂಲೆಯ ಚುಕ್ಕಿ ಹಿಡಿದು ಎಳೆಯಬೇಕು. ಪಕ್ಕದ ಚುಕ್ಕಿ ಹಿಡಿದು ಎಳೆದರೆ ದೇಶಕ್ಕೆ ಹೊಟ್ಟೆ ಬರುತ್ತದೆ. ಪರೀಕ್ಷಿಸುವುದು ಸುಲಭ. ಭಾರತದ ಉತ್ತರ–ದಕ್ಷಿಣ ಉದ್ದ 3,214 ಕಿ.ಮೀ., ಪೂರ್ವ–ಪಶ್ಚಿಮ ಅಗಲ 2,933 ಕಿ.ಮೀ. ಹಾಳೆಯ ಮೇಲೆ ಎರಡನ್ನೂ ಅಳೆದು ಉದ್ದವನ್ನು ಅಗಲದಿಂದ ಭಾಗಿಸಿದರೆ ಸುಮಾರು 1.1 ಬರಬೇಕು. 1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಯಾರೋ ಪಕ್ಕಕ್ಕೆ ಎಳೆದಿದ್ದಾರೆ, ಇಲ್ಲವೇ ಅದು ಅಕ್ಷಾಂಶ, ರೇಖಾಂಶಗಳನ್ನು ಸಮ ಚೌಕಗಳಾಗಿ ಹಾಕಿ ತಯಾರಿಸಿದ ನಕ್ಷೆ.

ಎ4 ಹಾಳೆಯಲ್ಲಿ ಅಂಚು ಬಿಟ್ಟರೆ ಸಿಗುವ ಅಗಲ 19 ಸೆಂ.ಮೀ. ಭಾರತ ಅದರಲ್ಲಿ ಸುಮಾರು 19 × 21 ಸೆಂ.ಮೀ. ಆಗಿ ಕೂರುತ್ತದೆ. ಅಂದರೆ 1 ಸೆಂ.ಮೀ.ಗೆ 155 ಕಿ.ಮೀ., 1 ಮಿ.ಮೀ.ಗೆ 15 ಕಿ.ಮೀ. ಹಾಸನಕ್ಕೂ ಚಿಕ್ಕಮಗಳೂರಿಗೂ ಕಾಗೆ ಹಾರಿದ ದಾರಿ ಸುಮಾರು 50 ಕಿ.ಮೀ.; ಈ ಹಾಳೆಯಲ್ಲಿ ಅದು ಬರೀ 3 ಮಿ.ಮೀ. ಮೊಂಡು ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟರೆ ಒಂದು ಊರು ಇನ್ನೊಂದನ್ನು ನುಂಗುತ್ತದೆ. ಕರ್ನಾಟಕ ಹಾಗಲ್ಲ. ಉದ್ದ 750, ಅಗಲ 400 ಕಿ.ಮೀ. ಇರುವ ನಮ್ಮ ರಾಜ್ಯಕ್ಕೆ ಎ4 ಹಾಳೆ ಹೇಳಿ ಮಾಡಿಸಿದಂತಿದೆ. ಉದ್ದುದ್ದ ಹಿಡಿದರೆ 1 ಸೆಂ.ಮೀ.ಗೆ 28 ಕಿ.ಮೀ. ಸಿಗುತ್ತದೆ, ಹಾಸನ ಜಿಲ್ಲೆ ಮೂರು ಸೆಂ.ಮೀ. ಚೌಕದಷ್ಟು ದೊಡ್ಡದಾಗಿ ಬರುತ್ತದೆ.

ಎ4ನಿಂದ ಎ3ಗೆ ಹಿಗ್ಗಿಸಲು ಶೇ 141 ಎಂದು ಹೇಳಿ. ಹಿಗ್ಗಿಸಿದ ಮೇಲೆ ‘1 ಸೆಂ.ಮೀ.ಗೆ ಇಷ್ಟು ಕಿ.ಮೀ.’ ಎಂಬ ಬರಹ ಸುಳ್ಳಾಗುತ್ತದೆ. ಪಟ್ಟಿಯಂತೆ ಎಳೆದ ಅಳತೆಗೆರೆ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಸರಿಯಾಗೇ ಉಳಿಯುತ್ತದೆ. ಹಾಗಾಗಿ ಅಳತೆಗೆರೆ ಇರುವ ನಕ್ಷೆಯನ್ನೇ ಆರಿಸಿ. ಜೆರಾಕ್ಸ್‌ನ ಜೆರಾಕ್ಸ್ ತೆಗೆಸಬೇಡಿ. ಮೂರನೇ ತಲೆಮಾರಿಗೆ ಗಡಿ ದಪ್ಪವಾಗಿ ಗೋವಾ ಮುಚ್ಚಿಹೋಗುತ್ತದೆ. ಎ4 ನಕ್ಷೆಯಲ್ಲಿ ಗೋವಾ ಇರುವುದೇ ನಾಲ್ಕು ಮಿ.ಮೀ.! ಗೆರೆ ಕಡು ಕಪ್ಪಿಗಿಂತ ಬೂದು ಬಣ್ಣದಲ್ಲಿದ್ದರೆ ಮೇಲೆ ಬರೆದ ಅಕ್ಷರ ಎದ್ದು ಕಾಣುತ್ತದೆ.

ಮಾಮೂಲಿ ಜೆರಾಕ್ಸ್ ಹಾಳೆ 75–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಇರುತ್ತದೆ. ಅದಕ್ಕೆ ಕಲರ್ ಪೆನ್ಸಿಲ್ ಸರಿ, ಸ್ಕೆಚ್ ಪೆನ್ ಹಚ್ಚಿದರೆ ಹಿಂಬದಿಗೆ ಇಳಿಯುತ್ತದೆ. ಸ್ಕೆಚ್ ಪೆನ್ನೇ ಬೇಕೆಂದರೆ 100 ಜಿಎಸ್‌ಎಂ ಕೇಳಿ. ಇಂಕ್‌ಜೆಟ್ ಪ್ರಿಂಟ್‌ನ ಗೆರೆ ನೀರು ತಾಗಿದರೆ ಹರಡುತ್ತದೆ, ಲೇಸರ್ ಪ್ರಿಂಟ್ ಹರಡುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮಳೆಗಾಲಕ್ಕೆ ಈ ಮಾತು ಮುಖ್ಯ. ಆಷಾಢದಲ್ಲಿ ಬಿಚ್ಚಿಟ್ಟ ಹಾಳೆಯ ಕಟ್ಟು ತೇವ ಹೀರಿ ಸುರುಳಿಯಾಗುತ್ತದೆ, ಮನೆಯ ಪ್ರಿಂಟರ್ ಒಂದರ ಜೊತೆ ಇನ್ನೊಂದನ್ನೂ ಎಳೆದುಕೊಂಡು ಸಿಕ್ಕಿಹಾಕಿಸುತ್ತದೆ. ಕಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ, ಹಾಕುವ ಮುಂಚೆ ಇಸ್ಪೀಟೆಲೆಯಂತೆ ಬಿಡಿಸಿ ಗಾಳಿಯಾಡಿಸಿ.

ಕನ್ನಡದ ಹೆಸರುಪಟ್ಟಿ ಇರುವ ಹಾಳೆಯನ್ನು ನೀವೇ ತಯಾರಿಸುವುದಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡೇ ಅಂಗಡಿಗೆ ಹೋಗಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಅಕ್ಷರ ತೀರಾ ಚಿಕ್ಕದಾಗದಿರಲಿ. ‘ಚಿಕ್ಕಮಗಳೂರು’ವಿನ ಕ ಒತ್ತು, ‘ಉತ್ತರ ಕನ್ನಡ’ದ ತ, ನ ಒತ್ತು ಮೊದಲು ಮಸಿ ಚುಕ್ಕಿಯಾಗುತ್ತವೆ. ಜಾಗ ಸಾಲದ ಕಡೆ ಅಂಕಿ ಹಾಕಿ, ಹೆಸರನ್ನು ಪಕ್ಕದಲ್ಲಿ ಬರೆಯಲು ಗೆರೆ ಬಿಡಿ.

ಮೊದಲ ಹಾಳೆ: ಎರಡು ಗೆರೆ

ಹೆಸರು ತುಂಬುವುದಕ್ಕೆ ಮುಂಚೆ ನಾವು ಎಲ್ಲಿ ನಿಂತಿದ್ದೇವೆ ಎಂದು ಗೊತ್ತಾಗಬೇಕು. 13 ಡಿಗ್ರಿ ಉತ್ತರ ಅಕ್ಷಾಂಶವೂ 76 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ದಾಟುವುದು ಹಾಸನ ಜಿಲ್ಲೆಯ ಆಲೂರಿನ ಪಕ್ಕದಲ್ಲೇ. ಈ ಎರಡು ಗೆರೆ ನಮ್ಮ ಪಾಲಿಗೆ ಗೂಟವಿದ್ದಂತೆ.

ಮೊದಲು ಅಡ್ಡಗೆರೆ. ಮಂಗಳೂರು, ಹಾಸನ, ಬೆಂಗಳೂರು, ಚೆನ್ನೈ ನಾಲ್ಕೂ ಈ 13 ಡಿಗ್ರಿಯ ಆಚೀಚೆ ಹದಿನೈದು ಕಿ.ಮೀ. ಒಳಗೇ ಇವೆ. ಹಾಳೆಯ ಮೇಲೆ ಅದು 1 ಮಿ.ಮೀ. ವ್ಯತ್ಯಾಸ. ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಹೀಗೆ ಒಂದೇ ಗೆರೆಯಲ್ಲಿ ನಾಲ್ಕು ಊರು ಕೂತುಬಿಡುತ್ತವೆ. ಗೆರೆಯನ್ನು ಹಾಗೇ ಬಂಗಾಳ ಕೊಲ್ಲಿಯೊಳಗೆ ಮುಂದುವರಿಸಿದರೆ ಅಂಡಮಾನ್‌ನ ಮಾಯಾಬಂದರ್ ಹತ್ತಿರ ನೆಲ ಸಿಗುತ್ತದೆ.

ಇನ್ನು ನೆಟ್ಟಗೆರೆ. 76 ಡಿಗ್ರಿಯ ಆಜೂಬಾಜಿನಲ್ಲಿ, ದಕ್ಷಿಣದಿಂದ ಉತ್ತರಕ್ಕೆ: ಕೋಳಿಕ್ಕೋಡು, ಚಿಕ್ಕಮಗಳೂರು, ದಾವಣಗೆರೆ, ಸೊಲ್ಲಾಪುರ, ಇಂದೋರ್, ಉಜ್ಜಯಿನಿ, ಕೋಟಾ, ಜೈಪುರ, ಲುಧಿಯಾನ. ಎಲ್ಲವೂ ಗೆರೆಯಿಂದ ಹೆಚ್ಚೆಂದರೆ 2 ಮಿ.ಮೀ. ಎಡಕ್ಕೆ. ಜೈಪುರ ಎಲ್ಲೋ ಎಡಮೂಲೆಯಲ್ಲಿದೆ ಎಂದುಕೊಂಡವರೇ ಹೆಚ್ಚು. ಅದು ಚಿಕ್ಕಮಗಳೂರಿನ ನೆತ್ತಿಯ ಮೇಲಿದೆ.

ಈ ಎರಡನೇ ಗೆರೆ ಎಳೆಯುವಾಗ ಒಂದು ಎಚ್ಚರ. ಸರ್ವೆ ನಕ್ಷೆಗಳಲ್ಲಿ ರೇಖಾಂಶಗಳು ಹಾಳೆಯ ಅಂಚಿಗೆ ಸಮಾಂತರವಾಗಿರುವುದಿಲ್ಲ, ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ನಮ್ಮ 76 ಡಿಗ್ರಿ ಗೆರೆ ಮೇಲೆ ಹೋದಂತೆ ತುಸು ಬಲಕ್ಕೆ ವಾಲಬೇಕು. ಅಂಚಿನಲ್ಲಿ ಡಿಗ್ರಿ ಗುರುತಿದ್ದರೆ ಮೇಲಿನ 76, ಕೆಳಗಿನ 76 ಎರಡನ್ನೂ ಸೇರಿಸಿ.

ಕರ್ಕಾಟಕ ಸಂಕ್ರಾಂತಿ ವೃತ್ತದಲ್ಲಿ ತಪ್ಪಾಗುವುದೂ ಇದೇ ಕಾರಣಕ್ಕೆ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರ, ಮಿಜೋರಾಂ ಎಂಬ ಎಂಟು ರಾಜ್ಯ ದಾಟುವ ಆ ಗೆರೆಯನ್ನು ಮಕ್ಕಳು ಕಛ್‌ನಿಂದ ಮಿಜೋರಾಂಗೆ ಸ್ಕೇಲ್ ಇಟ್ಟು ಒಂದೇ ಏಟಿಗೆ ಎಳೆಯುತ್ತಾರೆ. ನಿಜವಾದ ಗೆರೆ ನಡುವೆ ಜೋತುಬಿದ್ದ ಹಗ್ಗದಂತೆ ಮೂರ್ನಾಲ್ಕು ಮಿ.ಮೀ. ಕೆಳಗಿರುತ್ತದೆ. ಸ್ಕೇಲಿನ ಗೆರೆ ಹಾಕಿದರೆ, ವೃತ್ತದ ಉತ್ತರಕ್ಕಿರುವ ಮಧ್ಯಪ್ರದೇಶದ ಸಾಗರ್ ನಗರ ದಕ್ಷಿಣಕ್ಕೆ ಬೀಳುತ್ತದೆ. ಆಲೂರಿನ ಬಿಂದುವಿನಿಂದ 76 ಡಿಗ್ರಿ ಗೆರೆಯ ಮೇಲೆ 7.5 ಸೆಂ.ಮೀ. ಅಳೆಯಿರಿ. ಉಜ್ಜಯಿನಿಯನ್ನು ದಾಟಿದ ಕೂಡಲೇ ವೃತ್ತ ಸಿಗುತ್ತದೆ. ಅಲ್ಲಿಂದ ಕೈಯಲ್ಲೇ ಎರಡೂ ಕಡೆಗೆ ಬಾಗಿಸಿ ಎಳೆಯಿರಿ.

ಎರಡನೇ ಹಾಳೆ: ಸುತ್ತು ಹಾಕುವುದು

28 ರಾಜ್ಯವನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದು ವ್ಯರ್ಥ. ಕರ್ನಾಟಕವನ್ನು ನಡುವೆ ಇಟ್ಟುಕೊಂಡು, ಕೆರೆಗೆ ಕಲ್ಲು ಬಿದ್ದಾಗ ಏಳುವ ಅಲೆಯಂತೆ ಸುತ್ತು ಸುತ್ತಾಗಿ ಹೊರಗೆ ಹೋಗಿ. ಒಂದು ಸುತ್ತಿಗೆ ಒಂದು ಬಣ್ಣ, ದಿನಕ್ಕೊಂದೇ ಸುತ್ತು.

ಮೊದಲ ಸುತ್ತು, ನಮಗೆ ತಾಗಿದ ಆರು: ಮಹಾರಾಷ್ಟ್ರ, ಗೋವಾ, ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣ.

ಎರಡನೇ ಸುತ್ತು, ಆ ಆರಕ್ಕೆ ತಾಗಿದ ನಾಲ್ಕು: ಗುಜರಾತ್, ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ.

ಮೂರನೇ ಸುತ್ತಿನಲ್ಲೂ ನಾಲ್ಕು: ರಾಜಸ್ಥಾನ, ಉತ್ತರಪ್ರದೇಶ, ಜಾರ್ಖಂಡ್, ಪಶ್ಚಿಮ ಬಂಗಾಳ.

ನಾಲ್ಕನೇ ಸುತ್ತಿನಲ್ಲಿ ಏಳು: ಪಂಜಾಬ್, ಹರಿಯಾಣ, ಹಿಮಾಚಲಪ್ರದೇಶ, ಉತ್ತರಾಖಂಡ, ಬಿಹಾರ, ಸಿಕ್ಕಿಂ, ಅಸ್ಸಾಂ.

ಐದನೆಯದರಲ್ಲಿ ಉಳಿದ ಆರು, ಎಲ್ಲವೂ ಅಸ್ಸಾಮಿನ ಸುತ್ತ: ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರ, ಮೇಘಾಲಯ.

ಒಂದು, ಆರು, ನಾಲ್ಕು, ನಾಲ್ಕು, ಏಳು, ಆರು, ಕೂಡಿದರೆ 28. ಛತ್ತೀಸ್‌ಗಢ, ಜಾರ್ಖಂಡ್ ಅದಲುಬದಲಾಗುವ ರೋಗಕ್ಕೆ ಇದೇ ಮದ್ದು. ಛತ್ತೀಸ್‌ಗಢ ಎರಡನೇ ಸುತ್ತಿನದು, ತೆಲಂಗಾಣಕ್ಕೆ ತಾಗಿದ್ದು. ಜಾರ್ಖಂಡ್ ಅದರಾಚೆಗಿನದು. ಈಶಾನ್ಯದಲ್ಲಿ ಮ್ಯಾನ್ಮಾರ್ ಗಡಿಯುದ್ದಕ್ಕೂ ಮೇಲಿನಿಂದ ಕೆಳಕ್ಕೆ ಅ–ನಾ–ಮ–ಮಿ ಎಂದು ನೆನಪಿಡಿ: ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ. ಅಲ್ಲಿ ಹೆಸರು ಒಳಗೆ ಹಿಡಿಸುವುದಿಲ್ಲ; ಸಮುದ್ರದ ಕಡೆಗೆ ಅಥವಾ ಹಾಳೆಯ ಅಂಚಿಗೆ ಸಣ್ಣ ಗೆರೆ ಎಳೆದು ಹೊರಗೆ ಬರೆಯಿರಿ. ಬಾಣದ ಗುರುತು ಬೇಡ, ಗೆರೆಯ ತುದಿಯಲ್ಲಿ ಚುಕ್ಕಿ ಸಾಕು.

ಕೇಂದ್ರಾಡಳಿತ ಪ್ರದೇಶಗಳನ್ನು ಇದರೊಳಗೆ ಕಲಸಬೇಡಿ, ಕೊನೆಗೆ ಬೇರೆ ಬಣ್ಣದಲ್ಲಿ ಹಾಕಿ. ಪುದುಚೇರಿ ಒಂದೇ ಚುಕ್ಕಿ ಅಲ್ಲ. ಪುದುಚೇರಿ, ಕಾರೈಕಾಲ್ ಎರಡೂ ತಮಿಳುನಾಡಿನ ಕರಾವಳಿಯಲ್ಲಿ, ಮಾಹೆ ಕೇರಳದಲ್ಲಿ, ಯಾನಂ ಆಂಧ್ರದಲ್ಲಿ. ಮಕ್ಕಳು ಮರೆಯುವುದು ದ್ವೀಪಗಳನ್ನೇ. ಲಕ್ಷದ್ವೀಪದ ಕವರತ್ತಿ ಹೆಚ್ಚುಕಡಿಮೆ ಮುಂಬೈ ಇರುವ ರೇಖಾಂಶದಲ್ಲಿದೆ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್, ಮಿಜೋರಾಂನ ಐಜ್ವಾಲ್ ಇರುವ ರೇಖಾಂಶದಲ್ಲಿದೆ. ಚೆನ್ನೈಗೆ ಅಂಟಿಸಿದಂತೆ ಅಂಡಮಾನ್ ಬರೆಯುವ ತಪ್ಪು ಇದರಿಂದ ನಿಲ್ಲುತ್ತದೆ.

ಮೂರನೇ ಹಾಳೆ: ನೀರು

ನದಿಗೆ ರಾಜ್ಯಗಡಿ ಇಲ್ಲದ, ಹೊರಗೆರೆ ಮಾತ್ರ ಇರುವ ಹಾಳೆ ತೆಗೆದುಕೊಳ್ಳಿ. ಗಂಗೆಯಿಂದ ಶುರು ಮಾಡಬೇಡಿ. ನಮ್ಮ ಬೆಟ್ಟಗಳಿಂದ ನೀರು ಮೂರು ದಾರಿ ಹಿಡಿಯುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ, ಗೊರೂರು, ಹೊಳೆನರಸೀಪುರ ಹಾದು ಕಾವೇರಿ ಸೇರುತ್ತದೆ. ಚಿಕ್ಕಮಗಳೂರು, ಬೇಲೂರಿನ ಯಗಚಿಯೂ ಹೇಮಾವತಿಯ ಪಾಲು. ಭದ್ರೆ ಗಂಗಾಮೂಲದಿಂದ ಹೊರಟು, ಲಕ್ಕವಳ್ಳಿಯ ಅಣೆಕಟ್ಟು ದಾಟಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ಬಾಬಾಬುಡನ್‌ಗಿರಿ ಕಡೆಯ ವೇದಾವತಿ ಕಡೂರಿನ ಮೇಲೆ ಚಿತ್ರದುರ್ಗದ ವಾಣಿವಿಲಾಸ ಸಾಗರಕ್ಕೆ ಹೋದರೂ ಕೊನೆಗೆ ತುಂಗಭದ್ರೆಯನ್ನೇ ಸೇರುತ್ತದೆ. ಮೂರನೆಯದು ನೇತ್ರಾವತಿ. ಅದು ಘಟ್ಟ ಇಳಿದು ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ.

ಈ ಮೂರನ್ನು ನೀಲಿ ಪೆನ್ಸಿಲ್‌ನಲ್ಲಿ ಎಳೆದರೆ ಪಶ್ಚಿಮಘಟ್ಟ ಎಂಬ ಏಣು ಎಲ್ಲಿದೆ ಎಂದು ತಾನಾಗಿ ಕಾಣಿಸುತ್ತದೆ. ಅರಬ್ಬಿ ಸಮುದ್ರ ಪಕ್ಕದಲ್ಲೇ ಇದ್ದರೂ ಹೇಮಾವತಿಯ ನೀರು ದೇಶದ ಆ ಬದಿಗೆ ಹೋಗುವುದು ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ಆಗ ಗೋದಾವರಿ, ಮಹಾನದಿ ಬರೆಸಿ. ಪಶ್ಚಿಮಕ್ಕೆ ಹರಿಯುವ ನರ್ಮದಾ, ತಾಪಿ ಆಮೇಲೆ; ಗಂಗೆ, ಬ್ರಹ್ಮಪುತ್ರ ಕಟ್ಟಕಡೆಗೆ. ನದಿಯನ್ನು ಮೂಲದಿಂದ ಸಮುದ್ರದ ಕಡೆಗೇ ಎಳೆಯಬೇಕು, ಹುಟ್ಟಿನಲ್ಲಿ ಸಣ್ಣ, ಕೊನೆಗೆ ದಪ್ಪ. ಹಿಂದುಮುಂದಾಗಿ ಎಳೆದವರ ಉಪನದಿಗಳು ಮರದ ಕೊಂಬೆಯಂತೆ ಸಮುದ್ರದ ಕಡೆಗೆ ಕವಲೊಡೆಯುತ್ತವೆ.

ತಪ್ಪು ತಿದ್ದುವ ಬಗೆ

ಬರೆದಾದ ಮೇಲೆ ಅಟ್ಲಾಸ್ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ರಬ್ಬರ್ ಮುಟ್ಟಬೇಡಿ. ತಪ್ಪು ಜಾಗದಿಂದ ಸರಿಯಾದ ಜಾಗಕ್ಕೆ ಒಂದು ಬಾಣ ಎಳೆದರೆ ಸಾಕು. ಮುಂದಿನ ಸಲ ನೆನಪಾಗುವುದು ಆ ಬಾಣವೇ. ಗೊತ್ತಿಲ್ಲದ ಕಡೆ ಖಾಲಿ ಬಿಡುವ ಬದಲು ಊಹೆ ಬರೆದು ಪ್ರಶ್ನೆಚಿಹ್ನೆ ಹಾಕಿಸಿ. ಮೇಲಿನ ಮೂಲೆಯಲ್ಲಿ ತಾರೀಖು, 28ಕ್ಕೆ ಎಷ್ಟು ಸರಿ ಎಂಬುದು ಇರಲಿ.

ಮಾರನೆ ದಿನ ಹೊಸ ಹಾಳೆ, ಆಮೇಲೆ ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ. ಒಂದೇ ಸಂಜೆ ಐದು ಸಲ ತುಂಬಿಸುವುದಕ್ಕಿಂತ ಇದು ಮೇಲು. ಹಾಳೆ ಉಳಿಸಬೇಕೆಂದರೆ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆಸಬಹುದು. ಆದರೆ ಒರೆಸಿದ ಮೇಲೆ ತಪ್ಪಿನ ದಾಖಲೆ ಉಳಿಯುವುದಿಲ್ಲ, ಹಾಗಾಗಿ ಅದು ಎರಡನೇ ತಿಂಗಳಿಗೆ. ಯಾರಾದರೂ ಮರೆತು ಪರ್ಮನೆಂಟ್ ಮಾರ್ಕರ್ ಹಚ್ಚಿದರೆ ಹತ್ತಿಗೆ ಸ್ಯಾನಿಟೈಸರ್ ಹಾಕಿ ಒರೆಸಿ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ: ಹಾಳೆಯಿಲ್ಲದೆ ಬರೆಯುವುದು

ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಭಾರತದ ನಕ್ಷೆಯನ್ನು ಕೈಯಲ್ಲೇ ಬರೆದು ಸ್ಥಳ ಗುರುತಿಸಬೇಕಾಗುತ್ತದೆ. ಅದಕ್ಕೆ 10 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರದ ಚೌಕಟ್ಟನ್ನು ತೆಳುವಾಗಿ ಎಳೆದುಕೊಳ್ಳಿ. ಕೆಳಗೆರೆಯಲ್ಲಿ ಎಡದಿಂದ 3 ಸೆಂ.ಮೀ.ಗೆ ಕನ್ಯಾಕುಮಾರಿ. ಮೇಲ್ಗೆರೆಯಲ್ಲೂ ಎಡದಿಂದ ಎರಡೂವರೆ, ಮೂರು ಸೆಂ.ಮೀ. ನಡುವೆ ಲಡಾಖ್‌ನ ನೆತ್ತಿ. ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು. ಎಡಗೆರೆಯಲ್ಲಿ ಕೆಳಗಿನಿಂದ 6 ಸೆಂ.ಮೀ.ಗೆ ಗುಜರಾತಿನ ತುದಿ, ಬಲಗೆರೆಯಲ್ಲಿ ಏಳೂವರೆ ಸೆಂ.ಮೀ. ದಾಟಿದ ಮೇಲೆ ಅರುಣಾಚಲದ ತುದಿ. ಈ ನಾಲ್ಕು ಬಿಂದು ಸರಿಯಿದ್ದರೆ ಉಳಿದದ್ದು ಅಷ್ಟಿಷ್ಟು ಏರುಪೇರಾದರೂ ನಕ್ಷೆ ಭಾರತದಂತೆಯೇ ಕಾಣುತ್ತದೆ.

ಕೈ ತಪ್ಪುವುದು ಎರಡು ಕಡೆ. ಒಂದು, ಪಶ್ಚಿಮ ಕರಾವಳಿಯನ್ನು ಮುಂಬೈನಿಂದ ಕನ್ಯಾಕುಮಾರಿಗೆ ನೇರ ಕೆಳಕ್ಕೆ ಇಳಿಸುವುದು. ಅದು ಬಲಕ್ಕೆ ಓರೆಯಾಗಿ ಇಳಿಯಬೇಕು. ಇನ್ನೊಂದು, ಈಶಾನ್ಯಕ್ಕೆ ಹೋಗುವ ಸಿಲಿಗುರಿಯ ಕತ್ತು. ಅತ್ಯಂತ ಕಿರಿದಾದ ಕಡೆ ಅದು ಇಪ್ಪತ್ತು ಚಿಲ್ಲರೆ ಕಿ.ಮೀ.; ಈ ಚೌಕಟ್ಟಿನಲ್ಲಿ 1 ಮಿ.ಮೀ. ಕೂಡ ಬರುವುದಿಲ್ಲ. ಎರಡು ಗೆರೆ ತಾಗದಂತೆ ಎಳೆದರೆ ಸಾಕು, ಬೆರಳಗಲ ಬಿಟ್ಟರೆ ಬಾಂಗ್ಲಾದೇಶಕ್ಕೆ ಜಾಗವೇ ಉಳಿಯುವುದಿಲ್ಲ. ಕೊನೆಗೆ ಚೌಕಟ್ಟು ಅಳಿಸುವ ಮುಂಚೆ ಕಾಶ್ಮೀರ, ಅರುಣಾಚಲದ ಗಡಿ ಪೂರ್ತಿ ಇದೆಯೇ, ಎರಡೂ ದ್ವೀಪಸಮೂಹ ಹಾಕಿದ್ದೀರಾ ನೋಡಿಕೊಳ್ಳಿ. ಲಕ್ಷದ್ವೀಪಕ್ಕೆ ನಾಲ್ಕೈದು ಚುಕ್ಕಿ, ಅಂಡಮಾನ್–ನಿಕೋಬಾರ್‌ಗೆ ಮೇಲಿನಿಂದ ಕೆಳಗೆ ಒಂದು ಸಾಲು ಚುಕ್ಕಿ.